ವೆಸ್ಲಿಯನ್ ಯಾರನ್ನು ನೋಡಿ ಬಾಗಿಲು ಮುಚ್ಚಿತು?

ಅಮೆರಿಕದ ಈಶಾನ್ಯ ಭಾಗದ ಹನ್ನೊಂದು ವಿದ್ಯಾಸಂಸ್ಥೆಗಳ ಕ್ರೀಡಾ ಒಕ್ಕೂಟಕ್ಕೆ ನೆಸ್ಕ್ಯಾಕ್ ಎಂದು ಹೆಸರು. ಹುಟ್ಟಿದ್ದು 1971ರಲ್ಲಿ. ಹೆಚ್ಚಿನವು ಸಣ್ಣ ಕಾಲೇಜುಗಳು. ಆಟ ಚೆನ್ನಾಗಿ ಆಡುತ್ತಾರೆಂದು ಯಾರಿಗೂ ವಿದ್ಯಾರ್ಥಿವೇತನ ಕೊಡುವುದಿಲ್ಲ. ಇವುಗಳಲ್ಲಿ ಯಾವುದು ಮೇಲು ಎಂಬ ಚರ್ಚೆ ಮುಗಿಯುವಂಥದ್ದಲ್ಲ. ನನ್ನನ್ನು ಕಾಡುವುದು ಆ ಹೋಲಿಕೆಯ ಚಟ ಒಮ್ಮೆ ಮಾಡಿದ ಅನ್ಯಾಯ.

ಕನೆಕ್ಟಿಕಟ್ ರಾಜ್ಯದ ವೆಸ್ಲಿಯನ್ 1872ರಷ್ಟು ಹಿಂದೆಯೇ ನಾಲ್ವರು ಹೆಣ್ಣುಮಕ್ಕಳನ್ನು ಸೇರಿಸಿಕೊಂಡಿತ್ತು. ಆದರೆ ಅದು ಸದಾ ತನ್ನನ್ನು ಅಳೆದುಕೊಳ್ಳುತ್ತಿದ್ದ ಆಮ್‌ಹರ್ಸ್ಟ್, ವಿಲಿಯಮ್ಸ್ ಎರಡೂ ಗಂಡಸರ ಕಾಲೇಜುಗಳು. ಹೆಂಗಸರಿಂದ ನಮ್ಮ ಕಾಲೇಜಿನ ತೂಕ ಇಳಿಯುತ್ತಿದೆ ಎಂದು ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಗೊಣಗತೊಡಗಿದರು. ಓದಿನಲ್ಲಿ ಆ ಹುಡುಗಿಯರು ಹಿಂದೆ ಬಿದ್ದಿದ್ದರೇ? ಇಲ್ಲ. ಆದರೂ 1909ರಲ್ಲಿ ಅವರ ಪ್ರವೇಶ ನಿಲ್ಲಿಸುವ ತೀರ್ಮಾನವಾಯಿತು. 1912ರಲ್ಲಿ ಕೊನೆಯ ತಂಡ ಪದವಿ ಪಡೆದು ಹೊರಬಂತು. ನೆರೆಮನೆಯವರ ಮೆಚ್ಚುಗೆಗೆ ಸ್ವಂತ ಮಗಳನ್ನೇ ಹೊರಗಿಟ್ಟಂತೆ.

ಅಲ್ಲೇ ಓದಿದ್ದ ಎಲಿಜಬೆತ್ ರೈಟ್ ಮತ್ತು ಸಂಗಾತಿಗಳು ಸುಮ್ಮನೆ ಕೂರಲಿಲ್ಲ. ಅವರ ಓಡಾಟದ ಫಲವಾಗಿ 1911ರಲ್ಲಿ ಅದೇ ರಾಜ್ಯದ ನ್ಯೂ ಲಂಡನ್‌ನಲ್ಲಿ ಮಹಿಳೆಯರಿಗೆಂದೇ ಕನೆಕ್ಟಿಕಟ್ ಕಾಲೇಜು ಸ್ಥಾಪನೆಯಾಯಿತು. ಊರವರು ಚಂದಾ ಎತ್ತಿಕೊಟ್ಟರು. 1915ರಲ್ಲಿ ಪಾಠ ಶುರುವಾಯಿತು.

1969ರಲ್ಲಿ ಈ ಕಾಲೇಜು ಗಂಡುಮಕ್ಕಳನ್ನೂ ಸೇರಿಸಿಕೊಂಡಿತು. ವೆಸ್ಲಿಯನ್ ಮತ್ತೆ ಪೂರ್ತಿ ಬಾಗಿಲು ತೆರೆದದ್ದು 1970ರಲ್ಲಿ, ಆಮ್‌ಹರ್ಸ್ಟ್ ಹೆಣ್ಣುಮಕ್ಕಳನ್ನು ಸೇರಿಸಿಕೊಂಡದ್ದು 1975ರಲ್ಲಿ. ಇಂದು ವೆಸ್ಲಿಯನ್ ಮತ್ತು ಕನೆಕ್ಟಿಕಟ್ ಕಾಲೇಜಿನ ಮಹಿಳಾ ತಂಡಗಳು ಒಂದೇ ಒಕ್ಕೂಟದಲ್ಲಿ ಎದುರಾಳಿಗಳಾಗಿ ಆಡುತ್ತವೆ.