ಮೂತ್ರಪಿಂಡ ಹಾಗೂ ಮೂತ್ರನಾಳದ ಕಲ್ಲುಗಳ ಪತ್ತೆ: ಜಾಲಹಳ್ಳಿ ಭಾಗದ ಸಾರ್ವಜನಿಕರಿಗೆ ಮಾಹಿತಿ

ಪಕ್ಕೆಯ ಹಿಂಭಾಗದಲ್ಲಿ ಹಠಾತ್ತನೆ ಆರಂಭವಾಗಿ ತೊಡೆಸಂದಿನವರೆಗೆ ಇಳಿಯುವ ತೀವ್ರ ನೋವು, ವಾಂತಿ, ಮೂತ್ರದಲ್ಲಿ ರಕ್ತ ಇವು ಮೂತ್ರನಾಳದಲ್ಲಿ ಕಲ್ಲು ಸಿಲುಕಿರುವುದರ ಸಾಮಾನ್ಯ ಲಕ್ಷಣಗಳಾಗಿವೆ. ಜಾಲಹಳ್ಳಿ, ಪೀಣ್ಯ ಭಾಗದ ಕಾರ್ಖಾನೆಗಳಲ್ಲಿ ಬಿಸಿಯ ನಡುವೆ ದುಡಿಯುವವರು ಸಾಕಷ್ಟು ನೀರು ಕುಡಿಯದಿದ್ದಲ್ಲಿ ಈ ತೊಂದರೆಯ ಸಂಭವ ಹೆಚ್ಚು. ಲಕ್ಷಣಗಳು ಶಂಕೆಯನ್ನಷ್ಟೇ ಮೂಡಿಸುತ್ತವೆ. ಕಲ್ಲು ಎಲ್ಲಿದೆ, ಎಷ್ಟು ದೊಡ್ಡದು ಎಂಬುದು ಸ್ಕ್ಯಾನಿಂಗ್‌ನಿಂದಲೇ ತಿಳಿಯಬೇಕು.

ಸಾಮಾನ್ಯವಾಗಿ ಮೊದಲು ಅಲ್ಟ್ರಾಸೌಂಡ್ ಮಾಡಲಾಗುವುದು. ಇದರಲ್ಲಿ ವಿಕಿರಣವಿಲ್ಲದ ಕಾರಣ ಗರ್ಭಿಣಿಯರಿಗೂ ಮಕ್ಕಳಿಗೂ ಸೂಕ್ತ. ನೀರು ಕುಡಿದು, ಮೂತ್ರಕೋಶ ತುಂಬಿರುವಾಗ ಹಾಜರಾಗತಕ್ಕದ್ದು. ಮೂತ್ರಪಿಂಡದೊಳಗಿನ ಕಲ್ಲು ಹಾಗೂ ಅಡಚಣೆಯಿಂದಾದ ಊತ ಇದರಲ್ಲಿ ಕಾಣುತ್ತದೆ. ಆದರೆ ಮೂತ್ರನಾಳದ ಮಧ್ಯಭಾಗವನ್ನು ಕರುಳಿನ ವಾಯು ಮರೆಮಾಡುವುದರಿಂದ ಅಲ್ಲಿನ ಕಲ್ಲು ತಪ್ಪಿಹೋಗಬಹುದು. ಆದುದರಿಂದ 'ಕಲ್ಲು ಕಂಡುಬಂದಿಲ್ಲ' ಎಂಬ ವರದಿಯನ್ನು 'ಕಲ್ಲು ಇಲ್ಲ' ಎಂದು ಓದಬಾರದು.

ನೋವು ಮುಂದುವರಿದಲ್ಲಿ ವೈದ್ಯರು ಬಣ್ಣದ ಔಷಧಿ ನೀಡದೆ ಮಾಡುವ ಸಿ.ಟಿ. ಸ್ಕ್ಯಾನ್‌ಗೆ ಬರೆಯುತ್ತಾರೆ. 1990ರ ದಶಕದ ಮಧ್ಯಭಾಗದಿಂದ ಬಳಕೆಗೆ ಬಂದ ಈ ವಿಧಾನದಲ್ಲಿ, ಕೆಲವೇ ಮಿಲಿಮೀಟರ್ ಗಾತ್ರದವು ಸೇರಿದಂತೆ ಬಹುತೇಕ ಎಲ್ಲ ಕಲ್ಲುಗಳೂ ಗೋಚರಿಸುತ್ತವೆ. ಹಾಗೆಂದು ಮೊದಲ ದಿನವೇ ಸಿ.ಟಿ. ಬೇಕೆಂದು ಒತ್ತಾಯಿಸುವುದು ಅನಗತ್ಯ. ಅಮೆರಿಕದ ತುರ್ತು ಚಿಕಿತ್ಸಾ ವಿಭಾಗಗಳಲ್ಲಿ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಅಲ್ಟ್ರಾಸೌಂಡ್‌ನಿಂದ ಆರಂಭಿಸಿದ ರೋಗಿಗಳಿಗೆ ಅದರಿಂದ ಹೆಚ್ಚಿನ ಅಪಾಯವಾಗಲಿಲ್ಲ. ದೇಹಕ್ಕೆ ತಗುಲಿದ ವಿಕಿರಣ ಮಾತ್ರ ಕಡಿಮೆಯಾಯಿತು.

ಸಾದಾ ಎಕ್ಸ್‌ರೇಯಲ್ಲಿ ಕ್ಯಾಲ್ಸಿಯಂ ಕಲ್ಲು ಕಾಣುತ್ತದೆ, ಯೂರಿಕ್ ಆಮ್ಲದ ಕಲ್ಲು ಕಾಣುವುದಿಲ್ಲ. ಒಮ್ಮೆ ಕಂಡ ಕಲ್ಲು ಕೆಳಗಿಳಿಯುತ್ತಿದೆಯೇ ಎಂದು ಗಮನಿಸಲು ಇದು ಉಪಯುಕ್ತ. ರಕ್ತನಾಳಕ್ಕೆ ಬಣ್ಣದ ಔಷಧಿ ನೀಡಿ ಎಕ್ಸ್‌ರೇ ತೆಗೆಯುವ ಹಳೆಯ ವಿಧಾನ ಈಗ ವಿರಳ.

5 ಮಿ.ಮೀ.ಗಿಂತ ಚಿಕ್ಕ ಕಲ್ಲುಗಳು ಬಹುಪಾಲು ತಾವಾಗಿಯೇ ಹೊರಬೀಳುತ್ತವೆ. ಆದರೆ ನೋವು ನಿಂತ ಮಾತ್ರಕ್ಕೆ ಕಲ್ಲು ಹೋಯಿತೆಂದು ಭಾವಿಸಿ ಮರುಪರೀಕ್ಷೆಯನ್ನು ಕೈಬಿಡಬಾರದು. ಅಡಚಣೆ ನೋವಿಲ್ಲದೆಯೂ ಉಳಿದು, ಕಾಲಕ್ರಮೇಣ ಆ ಮೂತ್ರಪಿಂಡವೇ ನಿಷ್ಕ್ರಿಯವಾಗಬಹುದು. ನೋವಿನೊಡನೆ ಚಳಿಜ್ವರ ಬಂದಲ್ಲಿ, ಮೂತ್ರ ನಿಂತಲ್ಲಿ, ಅಥವಾ ಒಂದೇ ಮೂತ್ರಪಿಂಡವಿರುವವರಿಗೆ ನೋವು ಕಾಣಿಸಿಕೊಂಡಲ್ಲಿ ಸ್ಕ್ಯಾನಿಂಗ್ ದಿನಾಂಕಕ್ಕಾಗಿ ಕಾಯದೆ ಕೂಡಲೇ ತುರ್ತು ಚಿಕಿತ್ಸಾ ವಿಭಾಗಕ್ಕೆ ತೆರಳತಕ್ಕದ್ದು.

ಈ ಭಾಗದ ಸಾರ್ವಜನಿಕರು ಮಲ್ಲೇಶ್ವರದ ಕೆ.ಸಿ. ಜನರಲ್ ಆಸ್ಪತ್ರೆಯನ್ನೂ, ವಿಮೆಗೊಳಪಟ್ಟ ಕಾರ್ಮಿಕರು ಪೀಣ್ಯದ ಇ.ಎಸ್.ಐ. ಆಸ್ಪತ್ರೆಯನ್ನೂ ಸಂಪರ್ಕಿಸಬಹುದು. ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿರುವ ನೆಫ್ರೋ ಯುರಾಲಜಿ ಸಂಸ್ಥೆಯು ಈ ಕಾಯಿಲೆಗಳಿಗೆಂದೇ ಇರುವ ಸರ್ಕಾರಿ ಸಂಸ್ಥೆಯಾಗಿರುತ್ತದೆ. ಶಸ್ತ್ರಚಿಕಿತ್ಸೆ ಅಗತ್ಯವಾದಲ್ಲಿ, 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯ ಸೌಲಭ್ಯದ ಬಗ್ಗೆ ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸುವುದು. ಆಧಾರ್, ಪಡಿತರ ಚೀಟಿಗಳೊಂದಿಗೆ ಹಿಂದಿನ ವರದಿ ಹಾಗೂ ಫಿಲಂಗಳನ್ನು ತಪ್ಪದೇ ತರತಕ್ಕದ್ದು. ಹಳೆಯ ಫಿಲಂ ಇದ್ದಲ್ಲಿ ಅದೇ ಪರೀಕ್ಷೆಯನ್ನು ಮತ್ತೊಮ್ಮೆ ಮಾಡುವ ಅಗತ್ಯ ಎಷ್ಟೋ ವೇಳೆ ಬೀಳುವುದಿಲ್ಲ.