ಧ್ರುವೀಯ ಸಮೋಷ್ಣ ಮಂಡಲದ ಮೋಡಗಳು ಮತ್ತು ಓಜೋನ್ ನಾಶ

ಧ್ರುವೀಯ ಸಮೋಷ್ಣ ಮಂಡಲದ ಮೋಡಗಳು: ಧ್ರುವಪ್ರದೇಶಗಳ ಚಳಿಗಾಲದಲ್ಲಿ ಸುಮಾರು 15ರಿಂದ 25 ಕಿ.ಮೀ. ಎತ್ತರದಲ್ಲಿ ಮೂಡುವ ತೆಳುಮೋಡಗಳು. ಉಷ್ಣತೆ −78° ಸೆ.ಗಿಂತ ಇಳಿದಾಗ ನೈಟ್ರಿಕ್ ಆಮ್ಲ ಹಾಗೂ ನೀರಿನ ಕಣಗಳೂ, ಸುಮಾರು −85° ಸೆ.ಗಿಂತ ಇಳಿದಾಗ ಹಿಮಕಣಗಳೂ ಉಂಟಾಗುತ್ತವೆ. ಓಜೋನನ್ನು ನೇರವಾಗಿ ನಾಶಮಾಡುವುದು ಈ ಮೋಡಗಳಲ್ಲ; ನಾಶಮಾಡುವ ಕ್ಲೋರಿನ್ನನ್ನು ಅವು ಸಿದ್ಧಗೊಳಿಸುತ್ತವೆ.

ಇತಿಹಾಸ: ಮುತ್ತಿನ ಚಿಪ್ಪಿನ ಹೊಳಪಿನ ಇಂಥ ಮೋಡಗಳನ್ನು 19ನೆಯ ಶತಮಾನದಲ್ಲೇ ನಾರ್ವೆಯಲ್ಲಿ ಗುರುತಿಸಲಾಗಿತ್ತು. ಅಲ್ಲಿನ ವಿಜ್ಞಾನಿ ಕಾರ್ಲ್ ಸ್ಟೋರ್ಮರ್ ಛಾಯಾಚಿತ್ರಗಳ ನೆರವಿನಿಂದ ಅವುಗಳ ಎತ್ತರವನ್ನು ಅಳೆದರು. 1978ರಲ್ಲಿ ಹಾರಿದ ನಿಂಬಸ್-7 ಉಪಗ್ರಹವು ಅವು ಅಪರೂಪದವಲ್ಲವೆಂದು ತೋರಿಸಿತು. ಈಗಿನ ಹೆಸರನ್ನು 1982ರಲ್ಲಿ ಮೆಕಾರ್ಮಿಕ್ ಮತ್ತು ಸಂಗಡಿಗರು ಬಳಕೆಗೆ ತಂದರು.

ಕ್ಲೋರೋಫ್ಲೋರೋಕಾರ್ಬನ್‌ಗಳು ಓಜೋನಿಗೆ ಮಾರಕವೆಂದು ಮೊಲಿನಾ ಮತ್ತು ರೋಲೆಂಡ್ 1974ರಲ್ಲೇ ಎಚ್ಚರಿಸಿದ್ದರು. ಆದರೆ ಹಾನಿ ಹೆಚ್ಚಾಗಿ 40 ಕಿ.ಮೀ. ಎತ್ತರದ ಸುತ್ತಮುತ್ತ ಆಗುವುದೆಂಬುದು ಅಂದಿನ ಎಣಿಕೆ. 1985ರಲ್ಲಿ ಫಾರ್ಮನ್, ಗಾರ್ಡಿನರ್, ಶಾಂಕ್ಲಿನ್ ಪ್ರಕಟಿಸಿದ ಅಂಟಾರ್ಕ್ಟಿಕದ ಹ್ಯಾಲಿ ನೆಲೆಯ ಅಳತೆಗಳು ಬೇರೆಯೇ ಕಥೆ ಹೇಳಿದವು: ಅಕ್ಟೋಬರ್ ತಿಂಗಳ ಓಜೋನ್ ಸುಮಾರು 300 ಡಾಬ್ಸನ್ ಏಕಮಾನಗಳಿಂದ (ತಲೆಯ ಮೇಲಿನ ಒಟ್ಟು ಓಜೋನಿನ ಅಳತೆ) 200ರ ಆಸುಪಾಸಿಗೆ ಕುಸಿದಿತ್ತು. ವಸಂತದಲ್ಲಿ ಮಾತ್ರ, ಅದೂ ಕೆಳಸ್ತರದಲ್ಲಿ ಆಗುತ್ತಿದ್ದ ಈ ನಷ್ಟವನ್ನು ಅನಿಲಗಳ ನಡುವಣ ಕ್ರಿಯೆಗಳಷ್ಟೇ ವಿವರಿಸಲಾರದಾದವು.

ಉತ್ತರ 1986ರಲ್ಲಿ ದೊರೆಯಿತು. ಕ್ಲೋರೋಫ್ಲೋರೋಕಾರ್ಬನ್‌ಗಳಿಂದ ಬಂದ ಕ್ಲೋರಿನ್ನನ್ನು ಹಿಡಿದಿಟ್ಟಿರುವ ಹೈಡ್ರೋಜನ್ ಕ್ಲೋರೈಡ್ ಮತ್ತು ಕ್ಲೋರಿನ್ ನೈಟ್ರೇಟ್ ಓಜೋನಿಗೆ ನಿರುಪದ್ರವಿಗಳು. ಮೋಡದ ಕಣಗಳ ಮೈಮೇಲೆ ಅವು ಪರಸ್ಪರ ವರ್ತಿಸಿ ಕ್ಲೋರಿನ್ ಅನಿಲ ಹೊರಬರುತ್ತದೆ, ನೈಟ್ರಿಕ್ ಆಮ್ಲ ಕಣದಲ್ಲೇ ಉಳಿಯುತ್ತದೆ ಎಂದು ಸೂಸನ್ ಸಾಲೊಮನ್ ಮತ್ತು ಸಹಲೇಖಕರು ಸೂಚಿಸಿದರು. ಅದೇ ವರ್ಷ ಕ್ರುಟ್ಸೆನ್ ಮತ್ತು ಆರ್ನಾಲ್ಡ್ ಹಾಗೂ ಟೂನ್ ತಂಡ ನೈಟ್ರಿಕ್ ಆಮ್ಲದ ಕಣಗಳ ಪಾತ್ರವನ್ನು ವಿವರಿಸಿದರು. ದೊಡ್ಡ ಕಣಗಳು ಕೆಳಗಿಳಿಯುವಾಗ ಸಾರಜನಕದ ಸಂಯುಕ್ತಗಳನ್ನೂ ಒಯ್ಯುವುದರಿಂದ ಕ್ಲೋರಿನ್ನನ್ನು ಮತ್ತೆ ಕಟ್ಟಿಹಾಕುವವರಿಲ್ಲದಾಗುತ್ತದೆ. ವಸಂತದ ಬಿಸಿಲು ತಾಗಿದೊಡನೆ ಕ್ಲೋರಿನ್ ಅಣುಗಳು ಒಡೆದು, ಬಿಡುಗಡೆಯಾದ ಪರಮಾಣುಗಳು ಓಜೋನನ್ನು ಸರಣಿಯಾಗಿ ನಾಶಮಾಡುತ್ತವೆ.

1987ರಲ್ಲಿ ಚಿಲಿಯ ಪುಂಟಾ ಅರೆನಾಸ್‌ನಿಂದ ಹಾರಿದ ಇಆರ್-2 ಸಂಶೋಧನಾ ವಿಮಾನ, ಕ್ಲೋರಿನ್ ಪರಮಾಣು ಓಜೋನಿನೊಡನೆ ವರ್ತಿಸಿದಾಗ ಉಂಟಾಗುವ ಕ್ಲೋರಿನ್ ಮಾನಾಕ್ಸೈಡ್ ಏರಿದಲ್ಲಿ ಓಜೋನ್ ಇಳಿದಿರುವುದನ್ನು ದಾಖಲಿಸಿತು. ಕ್ರುಟ್ಸೆನ್, ಮೊಲಿನಾ, ರೋಲೆಂಡ್‌ರಿಗೆ 1995ರ ರಸಾಯನಶಾಸ್ತ್ರದ ನೊಬೆಲ್ ಸಂದಿತು.

ಕ್ಲೋರೋಫ್ಲೋರೋಕಾರ್ಬನ್‌ಗಳಿಗೆ ಕಡಿವಾಣ ಹಾಕಿದ ಮಾಂಟ್ರಿಯಲ್ ಒಪ್ಪಂದದಿಂದ (1987) ಕ್ಲೋರಿನ್ ನಿಧಾನವಾಗಿ ತಗ್ಗುತ್ತಿದ್ದರೂ ವರ್ಷವರ್ಷದ ಹಾನಿ ಚಳಿಯನ್ನು ಅವಲಂಬಿಸಿದೆ. ಆರ್ಕ್ಟಿಕ್‌ನಲ್ಲಿ 2011 ಮತ್ತು 2020ರ ದೀರ್ಘ ಚಳಿ ಭಾರೀ ನಷ್ಟ ತಂದರೆ, 2019ರಲ್ಲಿ ಅಂಟಾರ್ಕ್ಟಿಕದ ಸಮೋಷ್ಣ ಮಂಡಲ ಹಠಾತ್ತನೆ ಬಿಸಿಯಾಗಿ ಓಜೋನ್ ರಂಧ್ರ (ವಸಂತದಲ್ಲಿ ಓಜೋನ್ ತೀರಾ ಕುಸಿಯುವ ಪ್ರದೇಶ) ಚಿಕ್ಕದಾಗಿಯೇ ಉಳಿಯಿತು.