ಕೆನಾಲ್ ದಂಡೆಯ ಮೇಲೆ ಹನ್ನೆರಡನೇ ಶತಮಾನ

ಮೊದಲೇ ಹೇಳಿಬಿಡ್ತೀನಿ, ನಮ್ಮ ವಿಜಯಪುರ ಜಿಲ್ಲೆಯ ಕೆನಾಲ್‌ಗಳಲ್ಲಿ ಬೋಟ್ ನಡೆಯೋದಿಲ್ಲ. ಇಂಗ್ಲೆಂಡಿನಲ್ಲಿ ನಡೆಯುತ್ತೆ. 18ನೇ ಶತಮಾನದಲ್ಲಿ ಕಲ್ಲಿದ್ದಲು ಸಾಗಿಸಲು ತೋಡಿದ ಕಾಲುವೆಗಳಲ್ಲಿ ಈಗ ಜನ ಏಳು ಅಡಿ ಅಗಲದ ಉದ್ದನೆಯ ದೋಣಿ ಬಾಡಿಗೆಗೆ ಹಿಡೀತಾರೆ. ಅದರಲ್ಲೇ ಅಡುಗೆ, ಅದರಲ್ಲೇ ನಿದ್ದೆ. ದಾರಿಯಲ್ಲಿ ಸಿಗುವ ಹಳೇ ಚರ್ಚು, ಪಾಳುಬಿದ್ದ ಮಠ ನೋಡುತ್ತ ವಾರಗಟ್ಟಲೆ ರಜೆ ಕಳೀತಾರೆ. ಆನ್‌ಸೈಟ್ ಹೋಗಿಬಂದವರ ಫೋಟೊಗಳಲ್ಲಿ ನೀವೂ ನೋಡಿರ್ತೀರಿ. ನಮ್ಮ ಕೆನಾಲ್ ಇರೋದು ಹೊಲಕ್ಕೆ. ವಾರಾಬಂದಿ ಲೆಕ್ಕದಲ್ಲಿ ಒಂದಷ್ಟು ದಿನ ಚಾಲೂ, ಒಂದಷ್ಟು ದಿನ ಬಂದ್. ಬೇಸಿಗೆಯಲ್ಲಿ ಅದರ ತಳದಲ್ಲಿ ಆಡು ಓಡಾಡ್ತಿರ್ತವೆ. ಆದರೆ ದಂಡೆ ಮೇಲೆ ದಾರಿ ಇದೆ. ಒಂದು ಬೈಕು, ನಾಲ್ಕು ದಿನದ ರಜೆ ಇದ್ದರೆ ಸಾಕು.

ಮೇಲಿನಿಂದ ಮ್ಯಾಪ್ ನೋಡಿ. ಬಡಗಣಕ್ಕೆ ಭೀಮಾ, ತೆಂಕಣಕ್ಕೆ ಕೃಷ್ಣಾ, ನಡುವೆ ಡೋಣಿ. ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ ಸೀಮೆಗಳೆಲ್ಲ ಈ ಎರಡು ದೊಡ್ಡ ಹೊಳೆಗಳ ನಡುವೆ ಬರ್ತವೆ. ಹೊಳೆ ಎರಡಿದ್ದರೂ ಹೊಲಕ್ಕೆ ನೀರಿಲ್ಲದ ನಾಡಿದು. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿ ಆಲಮಟ್ಟಿಯಲ್ಲಿ ಅಡಿಗಲ್ಲು ಹಾಕಿದರು. ಕೆಳಗೆ ನಾರಾಯಣಪುರದ ಆಣೆಕಟ್ಟು 1982ಕ್ಕೆ ಮುಗೀತು. ಅಲ್ಲಿಂದ ಹೊರಡುವ ಎಡದಂಡೆ ಕಾಲುವೆ 78 ಕಿ.ಮೀ. ಅದರಿಂದ ಕವಲೊಡೆದು ಸಿಂದಗಿ ಸೀಮೆ ಹಾಯ್ದು ಇಂಡಿ ಕಡೆ ಹೋಗುವ ಇಂಡಿ ಶಾಖಾ ಕಾಲುವೆ 172 ಕಿ.ಮೀ. ಎಂಜಿನಿಯರುಗಳು ನೆಲದ ಏರಿಳಿತ ನೋಡಿ ಗೆರೆ ಎಳೆದರೇ ಹೊರತು ಚರಿತ್ರೆ ನೋಡಿ ಅಲ್ಲ. ಆದರೂ ಈ ನೀರಿನ ಜಾಲದ ಆಜುಬಾಜು ಹೋದರೆ ಹನ್ನೆರಡನೇ ಶತಮಾನದ ಅರ್ಧ ಕಥೆ ನಿಮ್ಮ ಎದುರಿಗೆ ಬರುತ್ತೆ.

ಶುರು ಬಸವನ ಬಾಗೇವಾಡಿಯಿಂದ. ಬಸವಣ್ಣ ಹುಟ್ಟಿದ ಊರು. ಪಕ್ಕದ ಇಂಗಳೇಶ್ವರ ತಾಯಿ ಮಾದಲಾಂಬಿಕೆಯ ತವರು ಅನ್ನೋದು ಇಲ್ಲಿಯ ನಂಬಿಕೆ. ಬಸವಣ್ಣ ಜನಿವಾರ ಬಿಟ್ಟು ಮನೆಯಿಂದ ಹೊರಬಿದ್ದ ಕಥೆ ನಮಗೆಲ್ಲ ಗೊತ್ತು. ಆದರೆ ಆ ಕಥೆಗೆ ಎರಡು ವರ್ಶನ್ ಇವೆ ಅನ್ನೋದು ಎಷ್ಟು ಜನಕ್ಕೆ ಗೊತ್ತು? ಶಾಲೆಯಲ್ಲಿ ನಾವು ಕಲಿತದ್ದು, ಎಂಟು ವರ್ಷದ ಹುಡುಗ ಮುಂಜಿ ಬೇಡ ಅಂದ ಅಂತ. ಅದು ಪುರಾಣಗಳ ದಾರಿ. ಭೀಮಕವಿಯ ಕನ್ನಡ ಬಸವಪುರಾಣ ಬಂದದ್ದು 1369ರಲ್ಲಿ, ಬಸವಣ್ಣ ಹೋಗಿ ಇನ್ನೂರು ವರ್ಷದ ಮೇಲೆ. ಅದಕ್ಕಿಂತ ಎಷ್ಟೋ ಮೊದಲು ಹರಿಹರ ಬರೆದ ರಗಳೆಯಲ್ಲಿ ಅಪ್ಪ ಅವ್ವ ಇಬ್ಬರನ್ನೂ ಕಳಕೊಂಡು ಅಜ್ಜಿಯ ಹತ್ತಿರ ಬೆಳೆದ ಹುಡುಗ ಬರ್ತಾನೆ. ಅವನಿಗೆ ಮುಂಜಿ ಆಗಿರುತ್ತೆ. ಹದಿನಾರರ ವಯಸ್ಸಿಗೆ ತಾನೇ ಜನಿವಾರ ಕಿತ್ತೆಸೆದು ಕಪ್ಪಡಿ ಸಂಗಮದ ದಾರಿ ಹಿಡೀತಾನೆ.

ನನಗೆ ಹರಿಹರನ ಹುಡುಗನೇ ಹೆಚ್ಚು ಹತ್ತಿರ. ಎಂಟು ವರ್ಷದ ಮಗು ದೊಡ್ಡವರ ಸಭೆಯಲ್ಲಿ ವಾದ ಗೆಲ್ಲೋದು ಪವಾಡ. ಹದಿನಾರು ವರ್ಷದವ ಮನೆಯಲ್ಲಿ ಕೂತು ಒಳಗೊಳಗೇ ಕುದ್ದು, ಒಂದು ದಿನ ಎದ್ದು ಹೋಗೋದು ಯಾವ ಊರಲ್ಲೂ ಆಗುವಂಥ ಮಾತು.

ಹಾಗಾದರೆ ಯಾವುದು ನಿಜ? ಚರಿತ್ರೆಯವರು ಮೊದಲು ಕೇಳೋದು ಶಾಸನ. 19ನೇ ಶತಮಾನದ ಕೊನೆಗೆ ಈ ಭಾಗದ ಶಾಸನಗಳನ್ನ ಓದಿದ ದೊಡ್ಡ ವಿದ್ವಾಂಸ ಜೆ.ಎಫ್. ಫ್ಲೀಟ್. ಆತನಿಗೆ ಅಬ್ಬಲೂರಿನ ಶಾಸನದಲ್ಲಿ ಏಕಾಂತದ ರಾಮಯ್ಯ ಸಿಕ್ಕರು, ಬಸವಣ್ಣ ಸಿಗಲಿಲ್ಲ. ಹಾಗಾಗಿ ಈ ಶೈವ ಚಳವಳಿಯ ನಿಜವಾದ ಮುಂದಾಳು ರಾಮಯ್ಯನೇ ಇರಬೇಕು, ಬಸವಣ್ಣನ ಪುರಾಣ ನಂಬುವಂಥದ್ದಲ್ಲ ಅನ್ನುವ ಕಡೆ ವಾಲಿದ. ಆಮೇಲೆ ಹುಕ್ಕೇರಿ ತಾಲ್ಲೂಕಿನ ಅರ್ಜುನವಾಡದ ಶಾಸನ ಬೆಳಕಿಗೆ ಬಂತು. ಅದರ ಕಾಲ 1260. ಬಸವಣ್ಣ ಹೋಗಿ ತೊಂಬತ್ತು ವರ್ಷದ ಆಚೀಚೆ. ಅದರಲ್ಲಿ ತರ್ದವಾಡಿ ನಾಡಿನ ಬಾಗೇವಾಡಿ ಇದೆ, ಮಾದಿರಾಜ ಇದ್ದಾರೆ, ಅವರ ಮಗ ಬಸವರಾಜ ಇದ್ದಾರೆ. ತರ್ದವಾಡಿ ಅಂದರೆ ಇಂಡಿ ಸೀಮೆಯ ಭೀಮಾ ದಂಡೆಯ ಇವತ್ತಿನ ತದ್ದೇವಾಡಿ. ಒಂದು ಕಾಲಕ್ಕೆ ಈ ಇಡೀ ನಾಡಿಗೆ ಹೆಸರು ಕೊಟ್ಟ ಊರು ಅದು.

ಸಾಫ್ಟ್‌ವೇರ್‌ನವರಿಗೆ ಇದನ್ನ ವಿವರಿಸೋದು ಸುಲಭ. ಲಾಗ್‌ನಲ್ಲಿ ಎಂಟ್ರಿ ಇಲ್ಲ ಅಂದ ಮಾತ್ರಕ್ಕೆ ಆ ಘಟನೆ ನಡೆದೇ ಇಲ್ಲ ಅಂತ ಅಲ್ಲ. ಲಾಗ್ ಮಾಡು ಅಂತ ನಾವು ಏನು ಬರೆದಿರ್ತೀವೋ ಅಷ್ಟೇ ಅಲ್ಲಿ ಬರೋದು. ಶಾಸನವೂ ಹಂಗೇ. ಭೂಮಿ ದಾನ ಕೊಟ್ಟವರು, ಗುಡಿ ಕಟ್ಟಿಸಿದವರು, ಯುದ್ಧದಲ್ಲಿ ಸತ್ತವರು, ಇವರದ್ದೇ ಅದರಲ್ಲಿ ಲೆಕ್ಕ. ಬಟ್ಟೆ ಒಗೆಯುವವರು, ಹಗ್ಗ ಹೊಸೆಯುವವರು ಕಲ್ಲು ಕೆತ್ತಿಸೋದು ಎಲ್ಲಿಂದ?

ಈ ಮಾತಿಗೆ ಸಾಕ್ಷಿ ಬೇಕಿದ್ದರೆ ಇಂಡಿ ಪಕ್ಕದ ಸಾಲೋಟಗಿಗೆ ಹೋಗಿ. ನಿಂಬೆ ತೋಟಗಳ ನಡುವಿನ ದಾರಿ. ಅಲ್ಲಿ ಸಿಕ್ಕ ಕಂಬದ ಮೇಲೆ 945ರ ಶಾಸನ ಇದೆ. ರಾಷ್ಟ್ರಕೂಟ ಮೂರನೇ ಕೃಷ್ಣನ ಮಂತ್ರಿ ನಾರಾಯಣ ಇಲ್ಲಿ ದೊಡ್ಡ ಶಾಲೆ ಕಟ್ಟಿಸಿದ. ಬೇರೆ ಬೇರೆ ನಾಡುಗಳಿಂದ ವಿದ್ಯಾರ್ಥಿಗಳು ಬರ್ತಿದ್ದರು. ಅವರು ಇರಲಿಕ್ಕೆ 27 ಮನೆಗಳು, ಖರ್ಚಿಗೆ ಭೂಮಿ. ಊರಲ್ಲಿ ಮದುವೆ, ಮುಂಜಿ ಆದರೆ ಶಾಲೆಗೆ ಇಷ್ಟು ವಂತಿಗೆ ಅಂತ ಕಟ್ಟಳೆ. ಆಗ ಊರಿನ ಹೆಸರು ಪಾವಿಟ್ಟಗೆ. ಶಾಲೆ ಸೇರಿಕೊಂಡು ಸಾಲೋಟಗಿ ಆಯ್ತು. ಕಟ್ಟಡ ಹೋಯ್ತು, ಶಾಲೆ ಮಾತ್ರ ಊರ ಹೆಸರಿನೊಳಗೆ ಉಳೀತು. ಸಾವಿರ ವರ್ಷದ ಹಿಂದೆ ಇಂಡಿಯಲ್ಲಿ ರೆಸಿಡೆನ್ಶಿಯಲ್ ಕಾಲೇಜ್ ಇತ್ತು ಅಂದರೆ ಬೆಂಗಳೂರಿನಲ್ಲಿ ನನ್ನ ಟೀಮಿನವರು ನಗ್ತಾರೆ. ಶಾಸನ ಇದೆ, ನಗೋ ಹಂಗಿಲ್ಲ.

ಆದರೆ ಅದು ವೇದ ಶಾಸ್ತ್ರ ಓದುವ ಹಕ್ಕಿದ್ದವರ ಶಾಲೆ. ಎರಡು ಶತಮಾನ ಬಿಟ್ಟು ಇದೇ ಬಯಲಿನಲ್ಲಿ ಬರವಣಿಗೆಗೆ ಬಂದವರನ್ನ ನೋಡಿ. ದೇವರ ಹಿಪ್ಪರಗಿ, ಮೊನ್ನೆಮೊನ್ನೆವರೆಗೂ ಸಿಂದಗಿ ತಾಲ್ಲೂಕಿನ ಊರು, ಅಲ್ಲಿಯವರು ಮಡಿವಾಳ ಮಾಚಯ್ಯ. ಬಾಗೇವಾಡಿ ಸೀಮೆಯ ಮಸಬಿನಾಳದವರು ಹಡಪದ ಅಪ್ಪಣ್ಣ. ವಿಜಯಪುರದ ಹತ್ತಿರದ ಶಿವಣಗಿಯವರು ಹಗ್ಗ ಹೊಸೆಯುವ ನುಲಿಯ ಚಂದಯ್ಯ. ಇವರ ಯಾರ ಕಸುಬೂ ಸಾಲೋಟಗಿಯ ಆ ಶಾಲೆಯ ಬಾಗಿಲಿಗೆ ಹೊಂದುವಂಥದ್ದಲ್ಲ. ಮಾಚಯ್ಯ ಕಲ್ಯಾಣಕ್ಕೆ ಹೊರಟಾಗ ತುಂಬಿ ಹರಿಯೋ ಭೀಮೆ ದಾರಿ ಬಿಟ್ಟಳು ಅಂತ ಕಥೆ. ಬಿಜ್ಜಳನ ಆನೆಯನ್ನೂ ದಂಡನ್ನೂ ಒಬ್ಬರೇ ಎದುರಿಸಿದರು ಅಂತ ಇನ್ನೊಂದು. ಹೊಳೆ ಸರಿದು ನಿಂತದ್ದನ್ನ ನಾನು ನಂಬಬೇಕಿಲ್ಲ. ದಿನಾ ಹೊಳೆಯಲ್ಲಿ ನಿಂತು ದುಡಿಯುವ ಅಗಸನಿಗೆ ಹೊಳೆಯೇ ಮರ್ಯಾದೆ ಕೊಟ್ಟಿತು ಅಂತ ಜನ ಎಂಟುನೂರು ವರ್ಷ ಹೇಳ್ಕೊಂಡು ಬಂದಿದ್ದಾರಲ್ಲ, ಅದು ಮಾತ್ರ ಚರಿತ್ರೆ.

ಇವರ ವಚನಗಳು ಉಳಿದದ್ದು ತಾಳೆಗರಿಯಲ್ಲಿ, ಮಠಗಳಲ್ಲಿ, ಮನೆಗಳ ಜಗಲಿಯಲ್ಲಿ. ವಿಜಯಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿ ಊರೂರು ಅಲೆದು ಓಲೆಗರಿ ಕೂಡಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ತಂದರು. ಮುದ್ರಣದ ಸಲುವಾಗಿ ಮನೆಯನ್ನೇ ಮಾರಿಕೊಂಡರು. ಈಗ ಇಂಗಳೇಶ್ವರದಲ್ಲಿ ವಚನಗಳನ್ನ ಕಲ್ಲಿನ ಮೇಲೆ ಕೆತ್ತಿಸಿದ ಮಂಟಪ ಇದೆ. ಫ್ಲೀಟ್ ಸಾಹೇಬರು ಈಗ ಬರಬೇಕಿತ್ತು.

ಅಲ್ಲಿಂದ ಮುದ್ದೇಬಿಹಾಳ ದಾಟಿ ಕೃಷ್ಣೆಯ ಕಡೆ ಇಳಿದರೆ ತಂಗಡಗಿ. 1565ರ ಜನವರಿಯಲ್ಲಿ ವಿಜಯನಗರ ಸೋತ ಕಾಳಗಕ್ಕೆ ತಾಳಿಕೋಟಿ ಯುದ್ಧ ಅಂತ ಓದಿದ್ದೀವಿ. ಅದರ ಇನ್ನೊಂದು ಹೆಸರು ರಕ್ಕಸ-ತಂಗಡಗಿ ಯುದ್ಧ. ಆ ತಂಗಡಗಿಯೇ ಇದು. ಪಾಠಪುಸ್ತಕಕ್ಕೆ ಇದು ಸಾಮ್ರಾಜ್ಯ ಬಿದ್ದ ಊರು. ಊರ ಜನಕ್ಕೆ ನೀಲಮ್ಮನ ಊರು.

ಕಲ್ಯಾಣದಲ್ಲಿ ಗದ್ದಲ ಎದ್ದಾಗ ಬಸವಣ್ಣ ಕೂಡಲಸಂಗಮಕ್ಕೆ ಬಂದರು. ಮಡದಿ ನೀಲಮ್ಮನನ್ನ ಕರ್ಕೊಂಡು ಬಾ ಅಂತ ಅಪ್ಪಣ್ಣನನ್ನ ಕಳಿಸಿದರು. ನೀಲಮ್ಮ ಹೊರಟು ಬಂದರು, ಆದರೆ ತಂಗಡಗಿಯಲ್ಲೇ ನಿಂತರು. ಅಲ್ಲಿರುವ ಸಂಗಯ್ಯ ಇಲ್ಲಿಲ್ಲವೇ ಅಂತ ಕೇಳಿ ಇಲ್ಲೇ ಐಕ್ಯರಾದರು. ಅಪ್ಪಣ್ಣನೂ ಇಲ್ಲೇ ಉಳಿದರು. ಯಾವ ಶಾಸನದಲ್ಲೂ ಇಲ್ಲದ ಈ ಒಂದು ಪ್ರಶ್ನೆ ನನಗೆ ಬಹಳ ದೊಡ್ಡದು ಅನ್ನಿಸುತ್ತೆ. ಗಂಡ ಕರೆ ಕಳಿಸಿದ್ದಾರೆ, ಊರು ಅಷ್ಟು ಹತ್ತಿರ ಬಂದಿದೆ. ಆ ಹೊತ್ತಿಗೆ ಒಬ್ಬ ಹೆಣ್ಣುಮಗಳು ತನ್ನ ದೇವರನ್ನ ತಾನು ನಿಂತಲ್ಲೇ ಕಂಡುಕೊಂಡರು.

ತಂಗಡಗಿಯಲ್ಲೂ ಕೂಡಲಸಂಗಮದಲ್ಲೂ ಈಗ ನೀವು ನೋಡುವ ನೀರು ಬರೀ ಹೊಳೆಯದ್ದಲ್ಲ, ನಾರಾಯಣಪುರ ಆಣೆಕಟ್ಟಿನ ಹಿನ್ನೀರು. ಕೃಷ್ಣಾ-ಮಲಪ್ರಭಾ ಕೂಡುವಲ್ಲಿ ಬಸವಣ್ಣನ ಐಕ್ಯಮಂಟಪದ ಸುತ್ತ ಬಾವಿಯಂಥ ದುಂಡನೆಯ ಗೋಡೆ ಕಟ್ಟಿ, ನೀರೊಳಗೇ ಅದನ್ನ ಉಳಿಸಿಕೊಂಡಿದ್ದಾರೆ. ಮೆಟ್ಟಿಲಿಳಿದು ಕೆಳಗೆ ಹೋದರೆ ಸುತ್ತಲಿನ ಹಿನ್ನೀರು ನಿಮ್ಮ ತಲೆಗಿಂತ ಮೇಲಿರುತ್ತೆ. ಒಳ್ಳೆಯ ಎಂಜಿನಿಯರಿಂಗ್, ಮೆಚ್ಚಲೇಬೇಕು.

ಆದರೆ ನಮ್ಮ ಅವ್ವನ ತವರಿಗೆ ಇಂಥ ಗೋಡೆ ಬರಲಿಲ್ಲ. ಅದೂ ಇದೇ ಹಿನ್ನೀರಿನ ಮುಳುಗಡೆ ಊರು. ಉಳಿದಿರೋ ದಾಖಲೆ ಅಂದರೆ ಪರಿಹಾರದ ಕಾಗದ. ಸರ್ವೆ ನಂಬರ್, ಎಕರೆ, ಗುಂಟೆ, ರೂಪಾಯಿ. ಆ ಕಾಗದದಲ್ಲಿ ಅವ್ವ ಹೇಳುವ ಬೇವಿನಗಿಡ ಇಲ್ಲ, ಹರಿಗೋಲು ದಾಟಿ ಸಂಗಮದ ಜಾತ್ರೆಗೆ ಹೋದದ್ದಿಲ್ಲ. ಒಮ್ಮೆ ಹಿನ್ನೀರಿನ ದಂಡೆಯಲ್ಲಿ ನಿಂತು ಕೇಳಿದೆ, “ಅವ್ವಾ, ಊರು ಬರೋಬ್ಬರಿ ಎಲ್ಲಿತ್ತು?” ಅವ್ವ ನೀರಿನ ನಡುಮಧ್ಯ ಬೆರಳು ಮಾಡಿ, “ಅಲ್ಲೇ ಐತಲ್ಲೋ” ಅಂದಳು. ಇತ್ತು ಅನ್ನಲಿಲ್ಲ. ಇನ್ನೂರು ವರ್ಷದ ಮೇಲೆ ಯಾರಾದರೂ ಈ ಊರಿನ ಚರಿತ್ರೆ ಬರೆದರೆ ಅವರ ಕೈಗೆ ಸಿಗೋದು ಆ ಕಾಗದವೇ. ಅವ್ವನ ಮಾತು ದಂತಕಥೆ ಅನ್ನಿಸಿಕೊಳ್ಳುತ್ತೆ. ಅದಕ್ಕೇ ದಂತಕಥೆ ಅಂದಕೂಡಲೇ ಸುಳ್ಳು ಅಂತ ಪಕ್ಕಕ್ಕಿಡೋದು ನನ್ನ ಕೈಲಾಗಲ್ಲ. ಹಾಗಂತ ಪವಾಡವನ್ನೆಲ್ಲ ಚರಿತ್ರೆ ಅಂತ ವಾಟ್ಸಾಪಿನಲ್ಲಿ ಫಾರ್ವರ್ಡ್ ಮಾಡೋದೂ ಆಗಲ್ಲ. ಯಾರು ಹೇಳಿದರು, ಯಾವಾಗ ಹೇಳಿದರು, ಯಾಕೆ ಹೇಳಿದರು ಅಂತ ಎರಡಕ್ಕೂ ಒಂದೇ ಪ್ರಶ್ನೆ ಕೇಳಬೇಕು.

ನೀರಿನ ಬಗ್ಗೆ ಹನ್ನೆರಡನೇ ಶತಮಾನದವರೇ ಒಂದು ಜಗಳ ಆಡಿದ್ದಾರೆ. ಭೀಮೆಯ ಆಚೆ ಸೊನ್ನಲಿಗೆಯಲ್ಲಿ, ಅಂದರೆ ಇವತ್ತಿನ ಸೊಲ್ಲಾಪುರದಲ್ಲಿ, ಸಿದ್ಧರಾಮ ಜನರನ್ನ ಕೂಡಿಸಿಕೊಂಡು ಕೆರೆ ತೋಡಿಸಿದರು. ಕೆರೆ ಇನ್ನೂ ಇದೆ. ಶೂನ್ಯಸಂಪಾದನೆ ಹೇಳುವ ಪ್ರಕಾರ, ಅಲ್ಲಮಪ್ರಭು ಅಲ್ಲಿಗೆ ಹೋಗಿ, ಎಲ್ಲಿದ್ದಾನೆ ನಿಮ್ಮ ಒಡ್ಡ ಸಿದ್ಧರಾಮ ಅಂತ ಕೆಣಕಿದರು. ಮಣ್ಣು ತೋಡಿದರೆ ಮುಕ್ತಿ ಸಿಗುತ್ತಾ ಅನ್ನೋದು ಅವರ ಪ್ರಶ್ನೆ. ಕೆಲಸಗಾರರು ಸಿಟ್ಟಾಗಿ ಕಲ್ಲೆಸೆದರು. ಕೊನೆಗೆ ಸಿದ್ಧರಾಮ ಅಲ್ಲಮರ ಜೊತೆ ಕಲ್ಯಾಣಕ್ಕೆ ಹೋದರು. ಕಥೆ ಅಲ್ಲಮರನ್ನ ಗೆಲ್ಲಿಸುತ್ತೆ. ಅಧ್ಯಾತ್ಮದ ಲೆಕ್ಕದಲ್ಲಿ ಅದು ಸರಿಯೇ ಇರಬಹುದು.

ಇಂಡಿ ಶಾಖಾ ಕಾಲುವೆಯ ಕೊನೆಯ ಕಿಲೋಮೀಟರುಗಳಲ್ಲಿ ನಿಂತವನಿಗೆ ಮಾತ್ರ ಹಂಗನ್ನಿಸೋದಿಲ್ಲ. ನಾನು ಹೋದಾಗ ಸರದಿ ಬಂದ್ ಇತ್ತು. ತಳದಲ್ಲಿ ಬಿರುಕು ಬಿಟ್ಟ ಕೆಸರು, ದಂಡೆಯ ಮೇಲೆ ಕೂತ ಹಿರಿಯರೊಬ್ಬರು. “ಈ ಸಲ ನೀರು ಇಲ್ಲೀತನಕ ಬಂತೇನ್ರೀ ಮುತ್ಯಾ?” ಅಂದೆ. “ಬರತೈತಿ ತಮ್ಮಾ, ಮ್ಯಾಲಿನವರು ಬಿಟ್ಟರ” ಅಂದರು. ಇಲ್ಲಿ ಸಿದ್ಧರಾಮರ ಪರವಾಗಿ ಓಟು ಹಾಕುವವರೇ ಜಾಸ್ತಿ.

ಹೋಗೋದಾದರೆ ಮಳೆ ಮುಗಿದು ಜೋಳ ನಿಂತಿರುವ ಕಾಲಕ್ಕೆ ಹೋಗಿ. ಕೂಡಲಸಂಗಮ, ತಂಗಡಗಿ, ಇಂಗಳೇಶ್ವರ, ಬಾಗೇವಾಡಿ, ದೇವರ ಹಿಪ್ಪರಗಿ, ಸಾಲೋಟಗಿ ಅಂತ ತೆಂಕಣದಿಂದ ಬಡಗಣಕ್ಕೆ ಏರಿ. ಡೋಣಿ ದಾಟುವಾಗ ಒಂದು ಗಳಿಗೆ ನಿಲ್ಲಿ. ನೀರು ಸವಳು, ಕುಡಿಯೋಕೆ ಬರೋದಿಲ್ಲ. ಆದರೆ ಆ ಕಣಿವೆಯ ಕರಿಮಣ್ಣಿನ ಜೋಳದ ರೊಟ್ಟಿ, ಜೊತೆಗೆ ಶೇಂಗಾ ಹಿಂಡಿ, ದಾರಿಯ ಯಾವ ಖಾನಾವಳಿಯಲ್ಲಾದರೂ ಸಿಗುತ್ತೆ. ಮತ್ತೆ ಎಲ್ಲಾ ಊರಲ್ಲೂ ಒಬ್ಬರಾದರೂ ಹಿರಿಯರನ್ನ ಮಾತಾಡಿಸಿ. ಗೂಗಲ್ ಮ್ಯಾಪಿನಲ್ಲಿ ಇಲ್ಲದ ಊರುಗಳು ಅವರ ಹತ್ತಿರ ಇವೆ.